ದೊಡ್ಡವ್ವನ ಬಲಭುಜ

ದೇವಾಪುರ
೧೮ ನವೆಂಬರ್ ೨೦೧೭

ಮಗಳೇ ದುರಗಿ,

ನಿನ್ನ ದೊಡ್ಡವ್ವ ರೇಣಮ್ಮ ಮಾಡುವ ಆಶೀರ್ವಾದ. ಯಾದಗಿರಿಯ ಹಾಸ್ಟೆಲಿನ ಊಟ ಹೊಟ್ಟೆಗೆ ಹಿಡಿಯುತ್ತಿದೆಯೇ? ನರ್ಸಿಂಗ್ ಪರೀಕ್ಷೆ ಹತ್ತಿರ ಬಂತೆಂದು ನಿನ್ನ ಗೆಳತಿ ಹೇಳಿದಳು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ತಡವಾಯಿತೆಂದು ಸಿಟ್ಟಾಗಬೇಡ. ನಾಲ್ಕು ಸಾಲು ಬರೆದರೆ ಬಲಭುಜದಿಂದ ಕುತ್ತಿಗೆಯವರೆಗೂ ಸೆಳೆತ.

ಇಲ್ಲಿ ಭತ್ತ ಕೊಯ್ಲಿಗೆ ಬಂದಿದೆ. ನಿನ್ನ ಬಿಳಿ ಆಡು ಅವಳಿ ಮರಿ ಹಾಕಿದೆ. ಆಯಿ ಈ ವಯಸ್ಸಿನಲ್ಲೂ ಗಟ್ಟಿಯಾಗಿದ್ದಾಳೆ, ಆದರೆ ನಾನು ಮಾಡಿದ್ದನ್ನು ಇನ್ನೂ ಉಣ್ಣುತ್ತಿಲ್ಲ. ತನ್ನ ಸಣ್ಣ ಮಗಳ ಕೈ ಬಿಟ್ಟವಳ ರೊಟ್ಟಿ ಬೇಡವಂತೆ. ತಾನೇ ಬಡಿದುಕೊಂಡು ತಿನ್ನುತ್ತಾಳೆ.

ಹೋದ ವರ್ಷ ಮಹಾನವಮಿಗೆ ಕೌದಿ ತೊಳೆಯಲು ನಾನೂ ನಿನ್ನ ಅವ್ವ ಸುಂದ್ರಿಯೂ ಕಾಲುವೆಗೆ ಹೋದದ್ದು, ಅವಳು ಪಾಚಿಯ ಮೇಲೆ ಜಾರಿದ್ದು, ನಾನು ಬೋರಲು ಬಿದ್ದು ಅವಳ ಕೈ ಹಿಡಿದದ್ದು ನಿನಗೆ ಗೊತ್ತು. ಅವಳಿಗೆ ಮಣ್ಣು ಕೊಟ್ಟು ಬಂದ ದಿನ, "ಯಾಕ ಬಿಟ್ಟಿ, ದೊಡ್ಡವ್ವಾ?" ಎಂದು ನೀನು ಕೇಳಿದೆ. ನಾನು ಉತ್ತರ ಕೊಡಲಿಲ್ಲ. ನೀನು ಹಾಸ್ಟೆಲಿಗೆ ಹೋದವಳು ತಿರುಗಿ ಬರಲಿಲ್ಲ.

ಈ ನೋವು ಅಂದಿನದೇ. ಸುರಪುರದಲ್ಲಿ ಎಕ್ಸ್‌ರೇ ತೆಗೆಸಿದಾಗ ಎಲುಬು ನೆಟ್ಟಗಿದೆ ಎಂದರು. "ತಪ್ಪು ಮುಚ್ಚಾಕ ನಾಟಕ ಹೂಡ್ಯಾಳ" ಎಂದು ಓಣಿಯವರು ಆಡಿಕೊಂಡರು. ನೋವನ್ನಾದರೂ ತಡೆಯಬಹುದು. ಶಾಲೆಯಲ್ಲಿ ಹಾಜರಿ ಕರೆಯುವಾಗ, ಮನೆಯಲ್ಲಿ ಹಿಟ್ಟು ನಾದುವಾಗ, ಮಣಿಕಟ್ಟಿನ ಮೇಲೆ ಒದ್ದೆ ಬೆರಳುಗಳು ಬಂದು ಕೂರುತ್ತವೆ. ಸೆರಗಿನಿಂದ ಒರೆಸಿಕೊಳ್ಳುತ್ತೇನೆ. ಸೆರಗು ಒಣಗಿಯೇ ಇರುತ್ತದೆ.

ಕಡೆಗೆ ನಿನ್ನ ದೊಡ್ಡಪ್ಪ ಹಟ ಮಾಡಿ ಕಲಬುರಗಿಗೆ ಕರೆದೊಯ್ದರು. ಅಲ್ಲಿ ಎಂ.ಆರ್.ಐ. ಮಾಡಿಸಲು ಹೇಳಿದರು. ಮೈಮೇಲೆ ಬಂಗಾರ ಇರಬಾರದೆಂದು ತಾಳಿ ತೆಗೆಸಿದಾಗ, ದೊಡ್ಡಪ್ಪ ಜೇಬಿನಿಂದ ಅರಿಶಿಣ ಕೊಂಬಿನ ದಾರ ತೆಗೆದು ಕಟ್ಟಿದರು. ಯಾರಲ್ಲಿ ಕೇಳಿ ತಿಳಿದು ತಂದಿದ್ದರೋ!

ಗವಿಯಂಥ ಯಂತ್ರದೊಳಗೆ ನನ್ನನ್ನು ತಳ್ಳಿದರು. "ಅಲುಗಾಡಬ್ಯಾಡ್ರಿ, ಚಿತ್ರ ಕೆಡ್ತದ" ಎಂದರು. ತಗಡು ಬಡಿದಂತೆ ಸದ್ದು ಶುರುವಾಯಿತು. ಆಗಲೇ ಆ ಬೆರಳುಗಳು ಬಂದವು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. "ಸುಂದ್ರೀ" ಎಂದುಬಿಟ್ಟೆ. ಹೊರಗಿನಿಂದ ಧ್ವನಿ ಬಂತು: "ಮಾತಾಡಬ್ಯಾಡ್ರಿ, ಅಮ್ಮಾ."

ಡಾಕ್ಟರಮ್ಮ ಚಿತ್ರ ತೋರಿಸಿದರು. "ಈ ಕಪ್ಪು ಪಟ್ಟಿ ಭುಜದ ಮಾಂಸಖಂಡಾನ ಎಲುಬಿಗೆ ಹಿಡಿದಿರ್ತದ್ರಿ. ನಿಮ್ಮದು ಪೂರಾ ಕಿತ್ತು ಹಿಂದ ಸರದದ. ನಡುವ ಬೆಳ್ಳಗ ಕಾಣೂದು ನೀರು. ಎಕ್ಸ್‌ರೇದಾಗ ಇದು ಕಾಣಂಗಿಲ್ಲ. ಹಳೇ ಪೆಟ್ಟು. ಭಾರ ಏನರ ಜಗ್ಗಿದ್ರೇನು?"

ದೊಡ್ಡಪ್ಪ ನಡೆದದ್ದನ್ನು ಹೇಳಿದರು. ಆಕೆ ಚಿತ್ರವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿ, "ಯಾವ ದಿನ ಹರೀತು ಅಂತ ಚಿತ್ರ ಹೇಳಂಗಿಲ್ರಿ. ಖರೆ, ಹಗರಕ ಹಿಡದಿದ್ರ ಇಷ್ಟು ಹರೀತಿದ್ದಿಲ್ಲ" ಎಂದರು. ಮುಂದಿನ ತಿಂಗಳು ಆಪರೇಷನ್.

ಮನೆಗೆ ಬಂದು ದೊಡ್ಡಪ್ಪ ಆಯಿಗೆ ಎಲ್ಲ ಬಿಡಿಸಿ ಹೇಳಿದರು. ಆಯಿ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು, ಒಂದು ವರ್ಷದ ಮೇಲೆ. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. "ಹರಿಯೋ ತನಕ ಹಿಡದಿದ್ದಿ ಅಂದ್ರ, ಆಕಿ ಹೆಂಗ ಹೋದ್ಲು?" ಎಂದು ಕೇಳಿದಳು.

ನಾನು ಸೆರಗಿನಿಂದ ಮಣಿಕಟ್ಟು ಒರೆಸಿಕೊಂಡೆ. ಆಯಿ ಕೈ ತೆಗೆದಳು.

ಚೆನ್ನಾಗಿ ಓದು. ತಲೆಗೆ ಎಣ್ಣೆ ಹಚ್ಚಿಕೋ. ಮನೆದೇವರು ಮೋನಪ್ಪಯ್ಯ ನಿನ್ನ ಬೆನ್ನಿಗಿರಲಿ.

ನಿನ್ನ ದೊಡ್ಡವ್ವ,
ರೇಣಮ್ಮ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಭುಜ ಹರಿದರೂ ನನ್ನ ಬೆರಳು ಸಡಿಲಾಗಿರಲಿಲ್ಲ. ನಾನೂ ನೀರಿಗೆ ಜಾರುತ್ತಿರುವುದನ್ನು ನಿನ್ನ ಅವ್ವ ನೋಡಿದಳು. ಇನ್ನೊಂದು ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಇದನ್ನು ಹೇಳಿದರೆ ಊರವರು, ತಾನಾಗಿಯೇ ಸತ್ತಳು ಎನ್ನುತ್ತಾರೆ. ಬಿಟ್ಟವಳು ಎಂಬ ಮಾತು ನನ್ನ ಮೇಲೇ ಇರಲಿ ಎಂದುಕೊಂಡಿದ್ದೆ. "ಅಪ್ಪಿಲ್ಲದ ಕೂಸು. ಇಬ್ರೂ ಹೋದ್ರ ದುರಗಿಗೆ ಯಾರದಾರ, ಅಕ್ಕಾ?" ಎಂದು ಬೆರಳು ಬಿಡಿಸುತ್ತಲೇ ಸುಂದ್ರಿ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಖಾಲಿಯಾಗಿತ್ತು.