ಕೆಮ್ಮನ್ನು ಟೈಪ್ ಮಾಡಬಾರದು

ಫೆಬ್ರವರಿ 4, ಬೆಳಿಗ್ಗೆ 7.20

ಮೀಸೆ ಎಡಗಡೆ ಮತ್ತೆ ಕಿತ್ತುಬಂತು. ಗೋಂದು ಬದಲಿಸಬೇಕು.

ನಿನ್ನೆಯ ವಿಡಿಯೋ ಮೂರು ಲಕ್ಷ ದಾಟಿದೆ. ಮಂತ್ರಿ ಸಾಹೇಬರ ವೇಷದಲ್ಲಿ ನಾನು, ಹಣೆಯ ಮೇಲಿದ್ದ ಸ್ವಂತ ಕನ್ನಡಕ ಹುಡುಕಲು ಸಮಿತಿ ರಚಿಸಿದ್ದು. ಫೋನ್ ಹಿಡಿದದ್ದು ಅತ್ತೆ. ಅವರ ಕೈ ನಡುಗುತ್ತದೆ, ಚಿತ್ರವೂ ನಡುಗುತ್ತದೆ. ಜನ ಅದನ್ನು ಸ್ಟೈಲ್ ಅಂದುಕೊಂಡಿದ್ದಾರೆ. ಒಮ್ಮೆ ಸ್ಟ್ಯಾಂಡ್ ತಂದೆ. 'ಅಣ್ಣಾ, ಹಳೇ ಕ್ಯಾಮೆರಾಮನ್ ಎಲ್ಲಿ?' ಅಂತ ನೂರಾರು ಕಾಮೆಂಟ್. ಸ್ಟ್ಯಾಂಡ್ ಮೇಲೆ ಈಗ ಟವೆಲ್ ಒಣಗುತ್ತಿದೆ.

"ಅಳಿಯಂದ್ರೇ, ಆ ಮನುಷ್ಯನ ಮುಖ ನಿಮ್ಮ ಮುಖಕ್ಕೆ ಅಂಟ್ಕೊಂಡ್ಬಿಟ್ಟೀತು, ಹುಷಾರು," ಅಂದರು ಅತ್ತೆ.

ಅಂಟಲಿ. ಹನ್ನೊಂದು ವರ್ಷ ಅವನ ಕಚೇರಿಯಲ್ಲಿ ಅವನ ಮಾತು ಟೈಪ್ ಮಾಡಿದ್ದೇನೆ. ಎಲ್ಲಿ ಉಸಿರು ಎಳೆಯುತ್ತಾನೆ, ಯಾವ ಪದಕ್ಕೆ ಮೇಜು ತಟ್ಟುತ್ತಾನೆ... ಅವನ ಹೆಂಡತಿಗೂ ಇಷ್ಟು ಗೊತ್ತಿರಲಿಕ್ಕಿಲ್ಲ. ಕೆಲಸದಿಂದ ಓಡಿಸುವಾಗ ಐಡಿ ಕಾರ್ಡ್ ಕಿತ್ತುಕೊಂಡರು, ಕುರ್ಚಿ ಕಿತ್ತುಕೊಂಡರು. ಕಿವಿ ಕಿತ್ತುಕೊಳ್ಳುವುದನ್ನು ಮರೆತರು. ಆ ಕಿವಿಯೇ ಈಗ ಅನ್ನ ಹಾಕುತ್ತಿದೆ.

ಫೆಬ್ರವರಿ 6

ಇವತ್ತಿಗೆ ಮೂರು ವರ್ಷ.

ಆಸ್ಪತ್ರೆಗಳ ಸಭೆ ಅದು. ನರ್ಸ್‌ಗಳು ಟ್ರೇನಿಂಗ್ ಕೇಳಿದ್ದರು. ಸಾಹೇಬರು ನಕ್ಕು ಅಂದದ್ದು: "ನರ್ಸ್‌ಗಳಿಗೆ ತಲೆ ಯಾಕ್ರೀ? ಎರಡು ಕೈ ಇದ್ರೆ ಸಾಕು." ಟೈಪ್ ಮಾಡಿದೆ. ಕಚೇರಿಯ ನಿಯಮ ಅದೇ — ಆಡಿದ್ದನ್ನು ಆಡಿದ ಹಾಗೆ ಟೈಪ್ ಮಾಡಬೇಕು. ಕೆಮ್ಮನ್ನು ಮಾತ್ರ ಟೈಪ್ ಮಾಡಬಾರದು.

ವರದಿ ಹೊರಗೆ ಹೋಯಿತು. ನರ್ಸ್‌ಗಳು ಬೀದಿಗೆ ಬಂದರು. ಮಾರನೆಯ ದಿನ ಟಿವಿಯಲ್ಲಿ ಸಾಹೇಬರು: "ಆ ಮಾತು ನನ್ನದಲ್ಲ. ಟೈಪಿಸ್ಟ್ ಸೇರಿಸಿದ್ದು." ರೆಕಾರ್ಡಿಂಗ್ ಆಕಸ್ಮಿಕವಾಗಿ ಅಳಿಸಿಹೋಗಿತ್ತು. ಸಭೆಯಲ್ಲಿ ಎಂಟು ಅಧಿಕಾರಿಗಳಿದ್ದರು. ಎಂಟೂ ಜೊತೆ ಕಿವಿಗಳು ಒಂದೇ ದಿನ ಕಿವುಡಾದವು. ಗೂಬೆ ಕೂರಿಸಲು ಸಿಕ್ಕಿದ್ದು ನನ್ನ ತಲೆ.

ಅದನ್ನೂ ನುಂಗಬಹುದಿತ್ತು. ಆದರೆ ಇವಳು, ನನ್ನ ಹೆಂಡತಿ, ನರ್ಸ್. ಅವತ್ತು ಡ್ಯೂಟಿ ಮುಗಿಸಿ ಬಂದು, ಚಪ್ಪಲಿಯನ್ನೂ ಬಿಡದೆ, ಬಾಗಿಲಲ್ಲೇ ನಿಂತು ಕೇಳಿದಳು: "ರೀ, ನಿಜವಾಗ್ಲೂ ಅವರೇ ಅಂದ್ರಾ?"

ಆ 'ನಿಜವಾಗ್ಲೂ'.

ಆಮೇಲೆ ಒಂದು ದಿನವೂ ಕೇಳಿಲ್ಲ. ವಾರ್ಡಿನಲ್ಲಿ ಇವಳನ್ನು ಇವತ್ತಿಗೂ 'ಟೈಪಿಸ್ಟ್ ಹೆಂಡ್ತಿ' ಅನ್ನುತ್ತಾರಂತೆ. ಊಟದ ಟೇಬಲ್ಲಿಗೆ ಬಂದು ಯಾರೂ ಪಕ್ಕದಲ್ಲಿ ಕೂರುವುದಿಲ್ಲವಂತೆ. ಅದನ್ನೂ ಇವಳು ಹೇಳಲಿಲ್ಲ, ಅತ್ತೆ ಹೇಳಿದ್ದು. ಇವಳ ಬಾಯಿಂದ ಆ 'ನಿಜವಾಗ್ಲೂ' ಹೊರಡುವ ಹಾಗೆ ಮಾಡಿದವನನ್ನು ಬಿಡುವುದಿಲ್ಲ. ಕ್ಷಮೆ ದೊಡ್ಡದು ಅನ್ನುತ್ತಾರೆ. ಇರಬಹುದು. ನನಗೆ ಬೇಡ.

ಫೆಬ್ರವರಿ 19, ಮಧ್ಯಾಹ್ನ 3



ಹೊಸ ವಿಡಿಯೋಗೆ ಹಳೆಯ ಮಾತು ಹುಡುಕುತ್ತ ಬೀರುವಿನ ಮೇಲಿದ್ದ ಶಾರ್ಟ್‌ಹ್ಯಾಂಡ್ ಪುಸ್ತಕಗಳನ್ನು ಇಳಿಸಿದೆ. ನಲವತ್ತೊಂದು. ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಗೀಟು. ನಾನೇ ಹಾಕಿದ್ದು. ಸಾಹೇಬರು ಕೆಮ್ಮುವಾಗ ಪೆನ್ನಿಗೆ ಕೆಲಸವಿರುತ್ತಿರಲಿಲ್ಲ, ಸುಮ್ಮನೆ ಕೆಮ್ಮಿಗೊಂದು ಗೀಟು. ಕೆಲವು ಕಡೆ ಒಂದು, ಕೆಲವು ಕಡೆ ಎರಡು.

ಒಂದು ಇರುವಲ್ಲಿ ಏನೂ ವಿಶೇಷವಿಲ್ಲ. ಬರೀ ಕಫ.

ಎರಡು ಇರುವಲ್ಲಿ... 'ಆಸ್ಪತ್ರೆ ಕಟ್ಟಡ ಮುಂದಿನ ತಿಂಗಳು ಮುಗಿಯುತ್ತೆ.' ಇನ್ನೂ ಪಾಯದಲ್ಲೇ ಇದೆ. 'ಈ ಫೈಲು ನಾನು ನೋಡೇ ಇಲ್ಲ.' ನನ್ನ ಕಣ್ಣೆದುರೇ ಸಹಿ ಹಾಕಿದ್ದರು. 'ಆ ಗುತ್ತಿಗೆದಾರ ಯಾರೋ ಗೊತ್ತಿಲ್ಲ.' ಸ್ವಂತ ಷಡ್ಡಕ!

ಟಿವಿಯ ಆ ಹಳೆಯ ತುಣುಕನ್ನು ಹುಡುಕಿ ಹಾಕಿದೆ. ಖ್ಹುಂ, ಖ್ಹುಂ. "ಆ ಮಾತು ನನ್ನದಲ್ಲ."

ಕುರ್ಚಿಯಿಂದ ಎದ್ದೇಬಿಟ್ಟೆ.

ಸಂಜೆ

ಇವಳಿಗೆ ತೋರಿಸಿದೆ. ನೋಡಿದಳು. ತಲೆ ಬಾಚುತ್ತ ಅಂದಳು: "ಕೆಮ್ಮನ್ನ ನಂಬೋಕಾಗತ್ತಾ ರೀ? ನಮ್ಮ ವಾರ್ಡಲ್ಲಿ ಎಲ್ರೂ ಕೆಮ್ತಾರೆ."

ಇವಳ ಮಾತೂ ಸರಿ. ನೋವಾಯಿತು. ಪುಸ್ತಕಗಳನ್ನು ಮತ್ತೆ ಬೀರುವಿನ ಮೇಲಿಟ್ಟೆ.

ಮಾರ್ಚ್ 9, ಬೆಳಿಗ್ಗೆ 11

ಬಾಲಂಗೋಚಿ ಬಂದಿದ್ದ. ಸಾಹೇಬರ ಪಿ.ಎ. ನಾನಿಟ್ಟ ಹೆಸರು. ಅಂದು ನನ್ನ ಐಡಿ ಕಾರ್ಡನ್ನು ಕತ್ತಿನಿಂದ ತೆಗೆದವನು ಇವನೇ. ಸೋಫಾದ ತುದಿಯಲ್ಲಿ ಕೂತ. ಅತ್ತೆ ಟೀ ಕೊಡಲಿಲ್ಲ. ಕೇಳಲೂ ಇಲ್ಲ.

"ವಿಷ್ಯ ಇಲ್ಲೇ ಇರ್ಲಿ. ಸಾಹೇಬ್ರಿಗೆ ಗಂಟಲು ಆಪರೇಷನ್ ಆಗಿದೆ. ಎರಡು ತಿಂಗಳು ಪಿಟ್ ಅನ್ಬಾರ್ದು ಅಂದಿದಾರೆ ಡಾಕ್ಟ್ರು. ಪಾರ್ಟಿಯವ್ರಿಗೆ ಗೊತ್ತಾದ್ರೆ ಈ ಸಲದ ಟಿಕೆಟ್ ಹೋಯ್ತು."

"ಅಯ್ಯೋ ಪಾಪ," ಅಂದರು ಅತ್ತೆ ಅಡುಗೆಮನೆಯಿಂದ. ಅವರ 'ಪಾಪ' ಚಾಕುವಿಗಿಂತ ಹರಿತ.

ಹದಿನಾರಕ್ಕೆ ನರ್ಸ್‌ಗಳ ಸಮಾವೇಶ. ಎರಡು ಸಾವಿರ ಜನ, ಎರಡು ಸಾವಿರ ಓಟು. ಸಾಹೇಬರು ತುರ್ತು ಕೆಲಸದ ಮೇಲೆ ಹೊರಗಿದ್ದಾರೆ, ಸಂದೇಶ ಕಳಿಸಿದ್ದಾರೆ ಅಂತ ಧ್ವನಿ ಮಾತ್ರ ಹಾಕುತ್ತಾರಂತೆ. ಅದಕ್ಕೆ ನನ್ನ ಗಂಟಲು ಬೇಕಂತೆ.

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಕಾದ. ಕಾಯಬೇಕಾದ ಸ್ಥಿತಿ ಅವನದು!

"ಏನ್ ಬೇಕು ಕೇಳ್ರೀ."

"ಭಾಷಣದ ಒಂದೊಂದು ಹಾಳೆಗೂ ಸಾಹೇಬ್ರ ಸಹಿ ಬೇಕು. ನಾಳೆ ಯಾರೂ ನಾನು ಸೇರಿಸ್ದೆ ಅನ್ಬಾರ್ದು. ಒಂದಕ್ಷರ ಸೇರಿಸಲ್ಲ, ಒಂದಕ್ಷರ ಬಿಡಲ್ಲ."

"ಅಷ್ಟೇನಾ? ಹಳೇ ಗುಮಾಸ್ತನ ಬುದ್ಧಿ ನೋಡಿ, ಹೋಗಲ್ಲ." ಹಗುರಾಗಿ ಎದ್ದು ಹೋದ.

ಯಾಕೆ ಒಪ್ಪಿದೆ? ಗೊತ್ತಿಲ್ಲ. ಅವನ ನಾಲಿಗೆ ನನ್ನ ಕೈಗೆ ಬರುತ್ತಿದೆ. ಬಿಡಲು ಮನಸ್ಸಾಗಲಿಲ್ಲ.

ಮಾರ್ಚ್ 11

ಆರು ಹಾಳೆ ಬಂತು. ಆರು ಸಹಿ, ಅದೇ ಹಸಿರು ಶಾಯಿ.

ನಾಲ್ಕನೆಯ ಹಾಳೆ: 'ಮೂರು ವರ್ಷದ ಹಿಂದೆ ನನ್ನ ಕಚೇರಿಯ ಒಬ್ಬ ಟೈಪಿಸ್ಟ್ ಮಾಡಿದ ದ್ರೋಹದಿಂದ ನಿಮ್ಮ ಮನಸ್ಸು ನೊಂದಿದೆ. ಆ ಮಾತು ನಾನು ಆಡಿಲ್ಲ.'

ದ್ರೋಹ! ನನ್ನ ಬಾಯಿಂದಲೇ ನನಗೆ ಉಗಿಸುತ್ತಾರೆ. ಬಾಲಂಗೋಚಿಗೆ ಫೋನ್ ಮಾಡಿದೆ. "ಅದು... ಮನಸ್ಸಿಗೆ ಹಚ್ಕೋಬೇಡಿ. ಪಾಲಿಟಿಕ್ಸ್," ಅಂದ.

ಮೈ ಉರಿಯಿತು. ಇವಳಿಗೆ ಹೇಳಿದೆ — ಅಲ್ಲಿ ಒಂದು ಸಾಲು ಬದಲಿಸುತ್ತೇನೆ. 'ಆ ಮಾತು ಆಡಿದ್ದು ನಾನೇ' ಅಂತ ಅವನ ಗಂಟಲಲ್ಲೇ ಒಪ್ಪಿಸುತ್ತೇನೆ. ಎರಡು ಸಾವಿರ ಜನ ಕೇಳಲಿ.

ಇವಳು ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತಿದ್ದಳು. ದಾರ ಕಚ್ಚಿ ತುಂಡು ಮಾಡಿ ಅಂದಳು: "ಸೇರಿಸಿದ್ರೆ, ನೀವು ಸೇರಿಸೋರು ಅಂತ ಅವರಂದಿದ್ದು ನಿಜ ಆಯ್ತಲ್ಲ?"

ಹಾಳೆಗಳನ್ನು ಜೋಡಿಸಿ ಮಡಚಿಟ್ಟೆ.

ಮಾರ್ಚ್ 12, ಬೆಳಿಗ್ಗೆ 6.40

ಬಚ್ಚಲಲ್ಲಿ ಅಭ್ಯಾಸ ಮಾಡುತ್ತಿದ್ದೆ. ಧ್ವನಿ ಅಲ್ಲಿ ಚೆನ್ನಾಗಿ ಕೂರುತ್ತದೆ. ಸಾಹೇಬರ ಧ್ವನಿ ಹಿಡಿದರೆ ಯೋಚಿಸುವುದಿಲ್ಲ, ಅವರು ಹೇಗೆ ಓದುತ್ತಾರೋ ಹಾಗೆ ಗಂಟಲು ಹೋಗುತ್ತದೆ. ನಾಲ್ಕನೆಯ ಹಾಳೆಗೆ ಬಂದೆ. '...ನಿಮ್ಮ ಮನಸ್ಸು ನೊಂದಿದೆ. ಖ್ಹುಂ, ಖ್ಹುಂ. ಆ ಮಾತು ನಾನು ಆಡಿಲ್ಲ.'

ಬೇಕೆಂದು ಮಾಡಿದ್ದಲ್ಲ. ಬಂತು.

ಬಾಗಿಲು ತೆಗೆದರೆ ಇವಳು. ಕೈಯಲ್ಲಿ ಟವೆಲ್. ಮುಖ ಬಿಳಿಚಿತ್ತು.

"ಅವತ್ತು ಟಿವಿಲೂ ಹೀಗೇ ಅಲ್ವಾ..."

"ಹೂಂ."

"ನೀವೇನೂ ಸೇರಿಸಿಲ್ಲ." ತಡೆದು ಇನ್ನೊಮ್ಮೆ ಅಂದಳು. "ನೀವೇನೂ ಸೇರಿಸಿರ್ಲಿಲ್ಲ."

ಟವೆಲ್ ಕಣ್ಣಿಗೆ ಒತ್ತಿಕೊಂಡಳು. ಮೂರು ವರ್ಷ ಕಾದದ್ದು ಬಚ್ಚಲ ಬಾಗಿಲಲ್ಲಿ ಸಿಕ್ಕಿತು. ಸಾಕೇ ಅಂದರೆ ಸಾಲದು. ಇವಳ ಊಟದ ಟೇಬಲ್ ಬಾಕಿ ಇದೆ.

ಉಪಾಯ ಹೊಳೆದದ್ದು ಅಲ್ಲೇ, ಒದ್ದೆ ತಲೆಯಲ್ಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮಾರ್ಚ್ 13, ಮಧ್ಯಾಹ್ನ

ರೆಕಾರ್ಡಿಂಗ್ ಮುಗಿಯಿತು. ಪರದೆ ಎಳೆದ ಸಣ್ಣ ರೂಮು, ಫ್ಯಾನ್ ಬಂದ್. ಬಾಲಂಗೋಚಿ ಹಾಳೆ ಹಿಡಿದು ಒಂದೊಂದು ಪದದ ಮೇಲೂ ಬೆರಳು ಓಡಿಸಿದ. ಎಲ್ಲೂ ತಪ್ಪಿಲ್ಲ. ನಾಲ್ಕನೆಯ ಹಾಳೆಯ ಹೊತ್ತಿಗೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

"ಥೇಟ್ ಸಾಹೇಬ್ರೇ ಕಣ್ರೀ! ಆ ಕೆಮ್ಮು ಕೂಡ!"

"ಕೆಮ್ಮು ಹಾಳೆಯಲ್ಲಿಲ್ಲ ಸಾರ್. ತೆಗೀಲಾ?"

"ಏ ಬೇಡ ಬೇಡ. ಅದಿದ್ರೇನೇ ಸಾಹೇಬ್ರು ಅನ್ಸೋದು."

ಅವನೇ ಹೇಳಿದ್ದು. ಅವನೆದುರೇ ಬರೆದುಕೊಂಡೆ, ಸಮಯ ಸಮೇತ. ಪೆನ್‌ಡ್ರೈವನ್ನು ಜೇಬಿಗಿಟ್ಟು ಜೇಬಿನ ಮೇಲೆ ಎರಡು ಸಲ ತಟ್ಟಿದ.

ಮಾರ್ಚ್ 15

ವಿಡಿಯೋ ತಯಾರು. ಮೊದಲ ಸಲ ಮೀಸೆ ಇಲ್ಲ. ನನ್ನದೇ ಮುಖ, ನನ್ನದೇ ಧ್ವನಿ. ಕೇಳಲು ನನಗೇ ಒಂಥರಾ ಆಯಿತು, ಇಷ್ಟು ತೆಳುವೇ ನನ್ನ ಧ್ವನಿ?

ಹದಿನೇಳು ಜೋಡಿ ಕೆಮ್ಮು. ಪುಸ್ತಕದ ಪುಟ, ತಾರೀಖು, ಟಿವಿ ತುಣುಕು, ಆಮೇಲೆ ನಿಜವಾಗಿ ನಡೆದದ್ದು. ಸಾಹೇಬರ ಆಪರೇಷನ್ ವಿಷಯ ಎತ್ತಿಲ್ಲ. ಕಾಯಿಲೆ ಮೇಲೆ ಸೇಡಿಲ್ಲ, ನಾಲಿಗೆ ಮೇಲೆ. ಕೊನೆಗೆ ಒಂದೇ ಮಾತು — 'ಇನ್ನು ಸಾಹೇಬರು ಮಾತಾಡುವಾಗ ನೀವೇ ಎಣಿಸಿ.'

ಅತ್ತೆಯ ಕೈ ಇವತ್ತು ಎಂದಿಗಿಂತ ಹೆಚ್ಚು ನಡುಗಿತು. ನಗು ತಡೆಯಲಾರದೆ. "ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ನೆ ಅಂದಿಲ್ಲ ಅಳಿಯಂದ್ರೇ."

ಇವಳು ಯೂನಿಫಾರ್ಮ್ ಇಸ್ತ್ರಿ ಮಾಡಿದಳು. ಮಡಿಕೆ ಮೇಲೆ ಮಡಿಕೆ, ನಾಲ್ಕು ಸಲ.

ಮಾರ್ಚ್ 16, 9.30

ಹಾಕಿದೆ. ನರ್ಸ್‌ಗಳ ಗ್ರೂಪಿಗೆ ಕಳಿಸಿದ್ದು ಇವಳೇ. ಕೆಳಗೆ ತಾನೇ ಬರೆದಳು: 'ಟೈಪಿಸ್ಟ್ ಹೆಂಡ್ತಿ ಕಳಿಸಿದ್ದು. ನೋಡಿ.'

10.50

ಹಾಲ್ ತುಂಬಿದೆ. ಕೊನೆಯ ಸಾಲಿನಲ್ಲಿ ಕೂತಿದ್ದೇನೆ, ಬಾಯಿಗೆ ಮಾಸ್ಕ್. ಶಾರ್ಟ್‌ಹ್ಯಾಂಡಲ್ಲಿ ಬರೆಯುತ್ತಿದ್ದೇನೆ, ಹಳೆಯ ಚಟ. ಸಾಲು ಸಾಲಾಗಿ ಬಿಳಿ ಯೂನಿಫಾರ್ಮು, ಮಡಿಲಲ್ಲಿ ಫೋನು. ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ. ನನ್ನ ತೆಳು ಧ್ವನಿ ಅಲ್ಲಲ್ಲಿ ಕೇಳುತ್ತಿದೆ.

ಬಾಲಂಗೋಚಿ ವೇದಿಕೆ ಮೇಲೆ. ಕುರ್ಚಿ ಸರಿಸುವುದರಲ್ಲಿ, ಹೂಗುಚ್ಛ ಎಣಿಸುವುದರಲ್ಲಿ ಮುಳುಗಿದ್ದಾನೆ. ಫೋನ್ ಜೇಬಲ್ಲಿ.

ಇವಳು ಐದನೆಯ ಸಾಲಿನಲ್ಲಿ. ಎಡಗಡೆ ಕುರ್ಚಿ ಖಾಲಿ, ಬಲಗಡೆಯದೂ ಖಾಲಿ.

11.25

ಶುರುವಾಯಿತು. ನನ್ನನ್ನೇ ಕೇಳುತ್ತಿದ್ದೇನೆ.

ಮೊದಲ ಹಾಳೆ. ಒಂದು ಕೆಮ್ಮು. ಎರಡು ಸಾವಿರ ತಲೆ ಒಟ್ಟಿಗೆ ಎದ್ದವು. ಒಂದೇ. ಕಫ. ತಲೆಗಳು ಇಳಿದವು. ಅಂಚಿನಲ್ಲಿ ಗೀಟು ಹಾಕಿದೆ.

ಮೂರನೆಯ ಹಾಳೆ. ಖ್ಹುಂ, ಖ್ಹುಂ. "ಆಸ್ಪತ್ರೆ ಕಟ್ಟಡ ಮುಂದಿನ ತಿಂಗಳು ಮುಗಿಯುತ್ತೆ." ಎಡಗಡೆಯಿಂದ ಒಂದು ನಗು, ಅದರ ಹಿಂದೆ ನೂರು. ಬಾಲಂಗೋಚಿ ಕತ್ತೆತ್ತಿದ. ತಾನೂ ನಕ್ಕ ಪಾಪ, ಜನರಿಗೆ ಖುಷಿಯಾಯಿತು ಅಂದುಕೊಂಡು. ಆಮೇಲೆ ಯಾರೋ ಬಂದು ಕಿವಿಯಲ್ಲಿ ಏನೋ ಅಂದರು. ಜೇಬಿಗೆ ಕೈ ಹಾಕಿದ. ಫೋನ್ ನೋಡುತ್ತಿದ್ದಾನೆ.

ನೋಡು. ಚೆನ್ನಾಗಿ ನೋಡು.

ನಾಲ್ಕನೆಯ ಹಾಳೆ. "ಮೂರು ವರ್ಷದ ಹಿಂದೆ ನನ್ನ ಕಚೇರಿಯ ಒಬ್ಬ ಟೈಪಿಸ್ಟ್..." ಬಾಲಂಗೋಚಿ ಸೌಂಡಿನವನ ಕಡೆ ಓಡುತ್ತಿದ್ದಾನೆ. ವೈರು ಕಾಲಿಗೆ ಸಿಕ್ಕಿತು.

ಐದನೆಯ ಸಾಲಿನ ಖಾಲಿ ಕುರ್ಚಿಗೆ ಯಾರೋ ಬಂದು ಕೂತರು. ಬಲಗಡೆಗೂ ಒಬ್ಬರು.

"...ನಿಮ್ಮ ಮನಸ್ಸು ನೊಂದಿದೆ."

ಖ್ಹುಂ.

ಇವಳು ಎದ್ದು ನಿಂತಳು. "ಒಂದು!" ಅಂದಳು. ಗಟ್ಟಿಯಾಗಿ. ಗೀಟು ಹಾಕಿದೆ.

ಖ್ಹುಂ.

ಇಡೀ ಹಾಲ್ —