ಹೋಬರ್ಟನ ಬಲಗೈ

ಡ್ರೇಕ್ಸ್‌ಬರೋ, ಕೆಂಟಕಿ
ಸೋಮವಾರ, ಅಕ್ಟೋಬರ್ 10, 1966

ಮಗಳು ವೆಲ್ಡಾಗೆ ತಾಯಿಯ ಆಶೀರ್ವಾದ.

ನಿನ್ನ ಕಾಗದ ಶನಿವಾರ ಬಂತು. ಮಲಗಿಕೊಂಡೇ ಬರೆದಿದ್ದೀಯ ಎಂದು ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಸಾಲುಗಳೆಲ್ಲ ಗುಡ್ಡ ಹತ್ತುತ್ತಿವೆ. ಡಾಕ್ಟರು ಏಳಬೇಡ ಎಂದ ಮೇಲೆ ಏಳಬೇಡ. ಡ್ವೇನ್ ಕಾರ್ಖಾನೆಯಿಂದ ಬಂದು ತಾನೇ ಅಡುಗೆ ಮಾಡಿಕೊಳ್ಳಲಿ. ಮೊಟ್ಟೆ ಹುರಿದರೆ ಗಂಡಸಿನ ಕೈ ಸವೆಯುವುದಿಲ್ಲ.

ಮೊದಲಿನ ಎರಡು ಬಸಿರೂ ನಿಲ್ಲಲಿಲ್ಲ, ಈ ಸಲ ಅಮ್ಮ ಪಕ್ಕದಲ್ಲಿರಬೇಕು ಎಂದು ಬರೆದಿದ್ದೀಯ. ನೀನು ಹಾಗೆ ಕೇಳಿಕೊಳ್ಳುವ ಹುಡುಗಿಯಲ್ಲ, ಅದು ನನಗೆ ಗೊತ್ತು. ಆದರೆ ಅದರ ಕೆಳಗಿನ ಸಾಲು ನನಗೆ ಸರಿಬರಲಿಲ್ಲ. "ಅಪ್ಪನ ಸ್ನಾನ, ಊಟ, ಬಟ್ಟೆ ಎಲ್ಲ ಐಸಿ ಅತ್ತೆ ನೋಡ್ಕೋತೀನಿ ಅಂದಿದ್ದಾಳೆ. ಮತ್ತೆ ನಿನ್ನನ್ನ ಅಲ್ಲಿ ಕಟ್ಟಿಹಾಕಿರೋದು ಏನಮ್ಮ, ಒಂದು ಗಿಟಾರಾ?" ಎಂದು ಕೇಳಿದ್ದೀಯ.

ಹೌದು, ಗಿಟಾರೇ.

ಲಕ್ವ ಹೊಡೆದ ಮೇಲೆ ನೀನು ಬಂದದ್ದು ಒಂದೇ ಸಲ, ಅದೂ ಆಸ್ಪತ್ರೆಗೆ. ನಿಮ್ಮಪ್ಪ ಮನೆಗೆ ಬಂದ ಮೇಲೆ ನಡೆದದ್ದನ್ನೆಲ್ಲ ನೀನು ಬೇರೆಯವರಿಂದ ಕೇಳಿದ್ದೀಯ. ಬಲಗಡೆ ಪೂರ್ತಿ ಹೋಗಿದೆ. ಮಾತಿನಲ್ಲಿ ಉಳಿದಿರುವುದು 'ಇಲ್ಲ' ಮತ್ತು 'ಮತ್ತೆ', ಅಷ್ಟೇ. ಎಡಗೈ ಮಾತ್ರ ಮೊದಲು ಹೇಗಿತ್ತೋ ಹಾಗೇ ಇದೆ. ಏಪ್ರಿಲ್‌ನಲ್ಲಿ ಒಂದು ದಿನ ನಾನು ಬೀನ್ಸ್ ಬಿಡಿಸುತ್ತಾ ಕುಳಿತಿದ್ದೆ. ಅವರು ಗಿಟಾರನ್ನು ಹೇಗೋ ತೊಡೆಯ ಮೇಲೆ ಎಳೆದುಕೊಂಡರು. ಎಡಗೈ ಬೆರಳುಗಳು ಗಿಟಾರಿನ ಕತ್ತಿನ ಮೇಲೆ ಓಡಾಡತೊಡಗಿದವು. ಸದ್ದಿಲ್ಲ. ಮೂಗನ ಬಾಯಿ ಆಡಿದ ಹಾಗೆ. ಅದನ್ನು ನೋಡುತ್ತಾ ಬೀನ್ಸ್ ಬಿಡಿಸಲು ನನ್ನಿಂದ ಆಗಲಿಲ್ಲ. ಹೋಗಿ ತಂತಿಗಳ ಮೇಲೆ ಸುಮ್ಮನೆ ಒಮ್ಮೆ ಬೆರಳೆಳೆದೆ. ಅವರು ಜೇಬಿನಿಂದ ತಂತಿ ಮೀಟುವ ತಮ್ಮ ಪಿಕ್ ತೆಗೆದು ನನ್ನ ಹೆಬ್ಬೆರಳಿಗೆ ತೊಡಿಸಿದರು. ಮದುವೆಯ ಉಂಗುರ ತೊಡಿಸುವಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ.

ಅವತ್ತಿನಿಂದ ನಾನು ಅವರ ಬಲಗೈ.

ಯಾರೂ ನನಗೆ ಕಲಿಸಲಿಲ್ಲ. ಮದುವೆಯಾದಾಗಿನಿಂದ ಈ ವರಾಂಡದಲ್ಲಿ ಕೇಳಿಸಿಕೊಂಡದ್ದು ಪಾತ್ರೆ ತೊಳೆಯುವ ಕೈಗೂ ಇಳಿದಿರಬೇಕು. ಪೂರ್ವದ ಬೆಟ್ಟದವರು ಬಂದು ಚಪ್ಪಟೆ ಪಿಕ್ ಹಿಡಿದು ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ನುಡಿಸಿ ಹೋಗಿದ್ದಾರೆ. ನ್ಯಾಶ್‌ವಿಲ್ಲಿನಿಂದ ಬಂದ ಒಬ್ಬ ತಂತಿಗಳನ್ನು ಚಿವುಟಿ ಚಿವುಟಿ ಕೋಳಿ ಕೊಕ್ಕರಿಸುವ ಸದ್ದು ಹೊರಡಿಸಿದ್ದ. ನನ್ನ ಕೋಳಿಗಳು ನಿಜವಾಗಿಯೂ ಬೇಲಿಯ ಹತ್ತಿರ ಬಂದು ನಿಂತಿದ್ದವು. ನಮ್ಮ ಕಡೆಯದು ಬೇರೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ, ಗಣಿಗೆ ಹೊರಟವನು ನಡೆಯುವ ಹಾಗೆ, ಒಂದೇ ಸಮ ನಡೆಯುತ್ತಿರಬೇಕು. ಅಂಗೈಯ ಅಂಚು ತಂತಿಗಳ ಬುಡವನ್ನು ಅದುಮಿರಬೇಕು, ಆಗಲೇ ಆ ಗುಮ್ಮೆನ್ನುವ ಸದ್ದು. ತೋರುಬೆರಳು ಮೇಲಿನಿಂದ ಹಾಡನ್ನು ಹೇಳಿಕೊಂಡು ಹೋಗುತ್ತದೆ. ಒಬ್ಬನೇ ನುಡಿಸಿದರೂ ಒಳಗೆ ಇಬ್ಬರು ಕುಳಿತಿದ್ದಾರೆ ಅನ್ನಿಸಬೇಕು. ಇಲ್ಲಿ ಹೆಂಗಸರು ಹಾಡುತ್ತಾರೆ, ಗಂಡಸರು ಹೆಬ್ಬೆರಳು ಆಡಿಸುತ್ತಾರೆ. ನಾನಂತೂ ಹಾಡುವವಳೂ ಆಗಿರಲಿಲ್ಲ.

ಹೇಗೆ ಕೂರುತ್ತೇವೆ ಎಂದು ಹೇಳುತ್ತೇನೆ ಕೇಳು. ಅವರದು ಕೈಯಿಲ್ಲದ ಕುರ್ಚಿ. ನನ್ನದು ಅದರ ಹಿಂದೆ, ಬಲಕ್ಕೆ. ಸತ್ತ ತೋಳಿನ ಕೆಳಗಿಂದ ನನ್ನ ತೋಳು ತೂರಿಸಿ ತಂತಿಗೆ ಕೈಯಿಡಬೇಕು. ನನ್ನ ಗಲ್ಲ ಅವರ ಭುಜಕ್ಕೆ ತಾಗಿರುತ್ತದೆ, ಮೂಗಿಗೆ ಮುಲಾಮಿನ ವಾಸನೆ. ಅವರು ಎಡಗೈ ಎತ್ತುವ ತನಕ ಏಳುವಂತಿಲ್ಲ. ತಿಂಡಿಯಾದ ಕೂಡಲೇ 'ಮತ್ತೆ'. ಊಟವಾದ ಕೂಡಲೇ 'ಮತ್ತೆ'. ಒಲೆಯ ಮೇಲೆ ಜೋಳದ ರೊಟ್ಟಿ ಸೀದರೂ ಏಳುವಂತಿಲ್ಲ. ಬುಧವಾರದ ಪ್ರಾರ್ಥನೆಗೆ ಹೋಗಿ ಯಾವ ಕಾಲವಾಯಿತೋ. ಜುಲೈನಲ್ಲಿ ಚಿಕ್ಕಮ್ಮನ ಮಗಳು ತೀರಿಕೊಂಡಳೆಂದು ಓವೆನ್ಸ್‌ಬರೋಗೆ ಹೋಗಿ ಒಂದು ರಾತ್ರಿ ಅಲ್ಲೇ ಉಳಿದೆ. ಬರುವಷ್ಟರಲ್ಲಿ ಐಸಿ ಅಳುತ್ತಾ ಕುಳಿತಿದ್ದಳು. ಚಮಚ ಹಿಡಿದರೆ ಇವರು ಹಲ್ಲು ಕಚ್ಚಿಕೊಂಡು ಬಾಗಿಲು ನೋಡುತ್ತಿದ್ದರಂತೆ. "ಇವನನ್ನ ನೋಡ್ಕೋಬಹುದು ಆಲ್ಮೀಡಾ, ಇವನ ಹಟ ಯಾರು ನೋಡ್ಕೋತಾರೆ?" ಎಂದಳು.

ನನಗೂ ಕೈಯಿದೆ ಎನ್ನುವುದೇ ಮರೆತುಹೋಗುತ್ತದೆ ಒಮ್ಮೊಮ್ಮೆ. ಅವರಿಲ್ಲದೆ ಗಿಟಾರು ಮುಟ್ಟಿದರೆ ಹೆಬ್ಬೆರಳು ನಡೆಯುತ್ತದೆ, ಆದರೆ ಎಡಗೈಯಲ್ಲಿ ಒಂದು ಸ್ವರವನ್ನೂ ಹಿಡಿಯಲು ನನಗೆ ಬಾರದು. ಅರ್ಧ ಮಾತ್ರ ಕಲಿತೆ. ಅದನ್ನು ತೆಗೆದುಕೊಂಡು ಎಲ್ಲಿಗೂ ಹೋಗುವಂತಿಲ್ಲ.

ಭಾನುವಾರಗಳಲ್ಲಿ ಹಳೆಯ ವಾದಕರೆಲ್ಲ ಮೊದಲಿನಂತೆಯೇ ಬರುತ್ತಾರೆ. ಮೊದಮೊದಲು ತಮಾಷೆ ಮಾಡುತ್ತಿದ್ದರು. "ಹೆಂಡ್ತಿ ತೋಳಲ್ಲಿ ಕೂತು ನುಡಿಸೋ ಯೋಗ ನಮಗ್ಯಾರಿಗೂ ಬರ್ಲಿಲ್ವಲ್ಲಯ್ಯ ಹೋಬರ್ಟ್" ಎಂದು ಒಬ್ಬ. "ನಿನ್ನ ಹೆಂಡ್ತಿ ತೋಳಲ್ಲಿ ಕೂತ್ರೆ ಕುರ್ಚಿ ಮುರಿಯುತ್ತೆ, ಸುಮ್ನಿರು" ಎಂದು ಇನ್ನೊಬ್ಬ. ಈಗ ತಲೆ ಬಗ್ಗಿಸಿ ಕೇಳುತ್ತಾರೆ. ಮುಗಿದ ಮೇಲೆ ನಿಮ್ಮಪ್ಪನ ಬೆನ್ನು ತಟ್ಟುತ್ತಾರೆ: "ಏನೇ ಹೋಗ್ಲಿ, ನಿನ್ನ ಹೆಬ್ಬೆರಳು ಹೋಗಿಲ್ಲ ಕಣಯ್ಯ." ಹೆಬ್ಬೆರಳು ಯಾರದೆಂದು ಯಾರೂ ನೋಡುವುದಿಲ್ಲ. ನಾನು ಹೇಳುವುದೂ ಇಲ್ಲ. ಎದ್ದು ಕಾಫಿ ಬಗ್ಗಿಸಿ ಕೊಡುತ್ತೇನೆ. ಆ ಮಾತು ಕೇಳಿಸಿಕೊಂಡು ಕಾಫಿ ಬಗ್ಗಿಸುವುದು ಏನು ಎಂದು ನಿನಗೆ ತಿಳಿಯುವುದಿಲ್ಲ, ಬಿಡು.

ಓಡಿ ಪೆನ್ರಾಡನನ್ನು ಕರೆ ಎಂದು ನೀನು ಬರೆದೆಯಲ್ಲ. ಕರೆದೆ. ನನ್ನ ಮೇಲೆ ನಿನಗೆ ಆ ದೂರು ಉಳಿಯಬಾರದು.

ಓಡಿಯೂ ನಿಮ್ಮಪ್ಪನೂ ಹುಡುಗರಾಗಿದ್ದಾಗ ಹೊಳೆಯ ದಕ್ಕೆಯಲ್ಲಿ ದೋಣಿಗಳಿಗೆ ಕಲ್ಲಿದ್ದಲು ತುಂಬುತ್ತಿದ್ದ ಏಮಸ್ ಲೆವೆಲ್ ಎಂಬ ಕರಿಯ ವಾದಕನ ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಕಲಿತವರು. ಇಬ್ಬರ ಹೆಬ್ಬೆರಳೂ ಒಂದೇ ನಡಿಗೆಯವು. ಆಮೇಲೆ ಓಡಿ ಚಪ್ಪಟೆ ಪಿಕ್ ಹಿಡಿದು ಶಾಲೆಯ ಮೈದಾನದಲ್ಲಿ ಊರೆಲ್ಲರ ಮುಂದೆ ಬೆಟ್ಟದವರ ಹಾಗೆ ನುಡಿಸಿದ. "ಆ ಚೂರು ಜೇಬಲ್ಲಿರೋ ತನಕ ನನ್ನ ಮೆಟ್ಟಿಲು ಹತ್ಬೇಡ" ಎಂದು ನಿಮ್ಮಪ್ಪ ಅಲ್ಲೇ ಹೇಳಿದರು. ಅವನು ಹತ್ತಲಿಲ್ಲ. ನೀನು ಹೈಸ್ಕೂಲಿನಲ್ಲಿದ್ದೆ ಆಗ.

ಶನಿವಾರ ಮಧ್ಯಾಹ್ನ ನಾನೇ ಅವನ ಪೆಟ್ರೋಲ್ ಬಂಕಿಗೆ ನಡೆದುಹೋದೆ, ಟೋಪಿ ಹಾಕಿಕೊಂಡು. ಅವನು ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ, "ಆಲ್ಮೀಡಕ್ಕ, ಕಾರಿಲ್ದೆ ಪೆಟ್ರೋಲಿಗೆ ಬಂದಿದ್ದೀಯಲ್ಲ" ಎಂದ.

"ನಿನ್ನ ಬಲಗೈ ಬೇಕಾಗಿತ್ತು" ಎಂದೆ.

"ಅವನು ಕಳಿಸಿದ್ನಾ?"

"ಅವರಿಗೆ ಹೇಳೋಕೆ ಬಾಯಿಲ್ಲ. ಇದ್ದಿದ್ರೂ ಹೇಳ್ತಿರ್ಲಿಲ್ಲ."

"ಅದು ಸರಿ" ಎಂದು ನಕ್ಕ. ನಾನು ನಿನ್ನ ವಿಷಯ ಹೇಳಿದೆ. ಅವನ ನಗು ನಿಂತಿತು. ಜೇಬಿನಿಂದ ಚಪ್ಪಟೆ ಪಿಕ್ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟು, "ಇದನ್ನ ಇಲ್ಲೇ ಬಿಟ್ಟು ಬರ್ತೀನಿ, ಆಯ್ತಲ್ಲ?" ಎಂದ.

ನಿನ್ನೆ ಬಂದ. ಕೈಯುಜ್ಜಿ ತೊಳೆದು ಬಂದಿದ್ದ. ನನ್ನ ಕುರ್ಚಿಯಲ್ಲಿ ಕುಳಿತ. ಆದರೆ ಆಗಲಿಲ್ಲ, ವೆಲ್ಡಾ. ಅವನ ಹೆಬ್ಬೆರಳು ಈಗ ಭಾರವಾಗಿದೆ, ಸ್ಪ್ಯಾನರ್ ಹಿಡಿದೂ ಹಿಡಿದೂ. ನಿಮ್ಮಪ್ಪ ಒಂದೆರಡು ಸಾಲು ನೋಡಿದರು, ಎಡಗೈ ಎತ್ತಿಬಿಟ್ಟರು, 'ಇಲ್ಲ' ಎಂದರು. ಓಡಿ ಕಾಫಿ ಕುಡಿದು ಹೋದ. ಮತ್ತೆ ಅವನನ್ನು ಕರೆಯುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ನನ್ನ ದಾರಿ ನೋಡಬೇಡ. ನನಗೂ ಬರಬೇಕೆಂದಿದೆ, ಆದರೆ ಈ ಕುರ್ಚಿಯಿಂದ ನನ್ನನ್ನು ಎಬ್ಬಿಸುವವರು ಯಾರೂ ಇಲ್ಲ. ಪಕ್ಕದ ಮನೆಯ ಪೋಲಿಷ್ ಹೆಂಗಸು ಒಳ್ಳೆಯವಳೆಂದು ನೀನೇ ಬರೆದಿದ್ದೆ. ಸಂಕೋಚ ಬಿಟ್ಟು ಅವಳನ್ನು ಕರೆ. ಎರಡು ದುಪ್ಪಟಿ, ಒಂದು ಡಬ್ಬಿ ಜೋನಿಬೆಲ್ಲ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮೆಟ್ಟಿಲು ಹತ್ತಬೇಡ, ಬಟ್ಟೆ ಹಿಂಡಬೇಡ. ದೇವರು ನಿನ್ನನ್ನೂ ಮಗುವನ್ನೂ ಕಾಯಲಿ.

ನಿನ್ನ ತಾಯಿ,
ಆಲ್ಮೀಡಾ ಸ್ಟೋವಾಲ್

ತಾ.ಕ.: ಮಂಗಳವಾರ ಬೆಳಗ್ಗೆ. ಅಂಚೆಯವನು ಇನ್ನೂ ಬಂದಿಲ್ಲ. ನಿನ್ನೆ ಬರೆದ ಹಾಳೆಗಳನ್ನು ಹರಿದುಹಾಕಬಹುದಿತ್ತು. ಬರೆದದ್ದನ್ನು ಹರಿಯುವವಳಲ್ಲ ನಾನು, ಇದನ್ನೂ ಓದಿಕೋ.

ಓಡಿಯ ವಿಷಯ ಬರೆದದ್ದು ಸುಳ್ಳು. ಮೊದಲ ಏಟಿಗೇ ಅವನ ಹೆಬ್ಬೆರಳು ಕೂಡಿಕೊಂಡಿತು. ನಿಮ್ಮಪ್ಪ ನನ್ನ ಜೊತೆ ಯಾವತ್ತೂ ಹಿಡಿಯದ ವೇಗದ ಹಾಡುಗಳನ್ನೆಲ್ಲ ಹಿಡಿದರು. ನನಗೆ ಅವು ಬರುವುದಿಲ್ಲವೆಂದು ಇಷ್ಟು ದಿನ ಬಿಟ್ಟಿದ್ದರು ಎಂದು ಆಗ ತಿಳಿಯಿತು. ಅವರು 'ಮತ್ತೆ' ಎಂದಾಗಲೆಲ್ಲ ಅವನು "ಆಗ್ಲಿ ಕಣಯ್ಯ, ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ" ಎನ್ನುತ್ತಿದ್ದ. ಸಂಜೆ ಹಸುಗಳು ಕೂಗಲು ಶುರುಮಾಡುವ ತನಕ ನುಡಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಅವರು ಒಂದು ಸಲವೂ ಇತ್ತ ತಿರುಗಲಿಲ್ಲ. ಹೊರಡುವಾಗ ಓಡಿ, "ಮಗಳ ಹತ್ರ ಹೋಗ್ಬಾ ಆಲ್ಮೀಡಕ್ಕ, ನಾನು ದಿನಾ ಬರ್ತೀನಿ" ಎಂದ. ನಾನು ನೋಡೋಣ ಎಂದೆ.

ಇವತ್ತು ತಿಂಡಿಯಾದ ಮೇಲೆ ಎಂದಿನಂತೆ ಕುರ್ಚಿ ಎಳೆದು ಕುಳಿತು ತೋಳು ತೂರಿಸಿದೆ. ಅವರು ಎಡಗೈಯಿಂದ ನನ್ನ ಕೈಯನ್ನು ಮೆಲ್ಲಗೆ ಸರಿಸಿ, ರಸ್ತೆಯ ಕಡೆ ನೋಡತೊಡಗಿದರು. ಒರಟಾಗಿ ಸರಿಸಿದ್ದರೆ ಜಗಳವಾಡಬಹುದಿತ್ತು.

ಬರುವ ಸೋಮವಾರದ ಬಸ್ಸಿಗೆ ಹೊರಡುತ್ತೇನೆ. ಡ್ವೇನ್ ಸ್ಟ್ಯಾಂಡಿಗೆ ಬರಲಿ. ಮಗು ನಿನ್ನ ತೋಳಿಗೆ ಬರುವ ತನಕ ಇರುತ್ತೇನೆ, ಬೇಕೆಂದರೆ ಆಮೇಲೂ. ಅಪ್ಪ ಹೇಗಿದ್ದಾರೆ ಎಂದು ನೀನು ಕೇಳುತ್ತೀಯ, ಚೆನ್ನಾಗಿದ್ದಾರೆ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಕೇಳಬೇಡ.