ನಳಿನಾಳ ಸೊಪ್ಪಿನ ಕ್ಲಾಸು

ಜುಲೈ 13, 2014, ಭಾನುವಾರ

ಮಳೆ ಈ ವರ್ಷ ತಡ. ಆದರೂ ಬೊಟಾನಿಕಲ್ ಗಾರ್ಡನ್ನಿನವರು ಮಳೆಗಾಲದ ಸೊಪ್ಪುಗಳ ಪ್ರದರ್ಶನ ಮುಂದೂಡಲಿಲ್ಲ. ಕೋಪರಖೈರಣೆಯ ಮನೆಯಿಂದ ಲೋಕಲ್ ರೈಲಿನಲ್ಲಿ ಸೊಪ್ಪಿನ ಬುಟ್ಟಿ ನನ್ನ ತೊಡೆಯ ಮೇಲೆ. ಮಹಾಪೆಯಲ್ಲಿ ನಾನು ಕೆಲಸಕ್ಕಿದ್ದ ಕ್ಯಾಂಟೀನು ಮುಚ್ಚಿದ ಮೇಲೆ ನನಗಿರುವ ನೌಕರಿ ಇದೊಂದೇ — ಹೆಂಡತಿಯ ಕೂಲಿ.

ಸೊಪ್ಪು ಗುರುತಿಸಲು ಕಲಿಸುವ ನಳಿನಾಳ ಕ್ಲಾಸಿಗೆ ಎಂದಿನಂತೆ ಜನ. ಯಾವ ಸೊಪ್ಪಾದರೂ ಮೊದಲು ತಾನು ಜಗಿದು, ಆಮೇಲೆ ಎದುರಿನವರ ಕೈಗೆ ಕೊಡುವುದು ಅವಳ ಕ್ರಮ. ಇವತ್ತು ತಜಂಕ್, ಅಂದರೆ ಚಗಟೆ ಸೊಪ್ಪು, ಹಿಡಿದುಕೊಂಡು ಸುಮ್ಮನೆ ನಿಂತಳು. ಹೆಸರು ಬರಲಿಲ್ಲ. ಊರಲ್ಲಿ ಮಳೆ ಬಿದ್ದ ಕೂಡಲೇ ದಿನಾ ತಿಂದ ಸೊಪ್ಪು! ಹಿಂದಿನಿಂದ ನಾನೇ ಪಿಸುಗುಟ್ಟಿದೆ. ಜನ ನಕ್ಕರು, ನಾನೂ ನಕ್ಕೆ.

ಜುಲೈ 16

ಮರೆತು ಅನ್ನಕ್ಕೆ ಎರಡು ಸಲ ಇಟ್ಟಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಎಗರುತ್ತಾಳೆ. ಗಾರ್ಡನ್ನಿನಲ್ಲಿ ಹೇಳಿಬಿಡಬೇಕೋ ಏನೋ... ಹೇಳಿದರೆ ಕ್ಲಾಸು ಹೋಯಿತು. ಆ ಕ್ಲಾಸು ಇರುವ ತನಕ ಇವಳು ಇವಳಾಗಿರುತ್ತಾಳೆ. ಹೇಳುವುದಿಲ್ಲ.

ಜುಲೈ 27, ಸಂಜೆ

ಇವತ್ತು ಕ್ಲಾಸಿನಲ್ಲಿ ಆದದ್ದು ಬರೆದಿಡಬೇಕು.

ಮೇಜಿನ ತುದಿಯಲ್ಲಿ ಕೆಂಪು ಚೀಟಿಯ ಟ್ರೇ — ತಿನ್ನಬಾರದ್ದು, ನೋಡಲಿಕ್ಕೆ ಮಾತ್ರ. ಚೀಟಿ ಅಂಟಿಸಿದವಳೂ ಇವಳೇ. ಅದರಿಂದ ಅಗ್ನಿಶಿಖೆಯ ಗಡ್ಡೆ ಎತ್ತಿ, ಇದು ಗೆಣಸಿನ ಜಾತಿ, ಹಸಿಯೇ ತಿನ್ನಬಹುದು ಎನ್ನುತ್ತ ಬಾಯಿಗೆ ಒಯ್ದಳು. ಘೋರ ವಿಷ ಅದು. ಹೊಡೆದು ಬೀಳಿಸಿದೆ. ಎಲ್ಲರೆದುರು ಬೈದೆ, ತಲೆ ಸಮ ಉಂಟಾ ನಿನಗೆ ಎಂದು.

ಗಾರ್ಡನ್ನಿನ ಪರವಾಗಿ ಕ್ಲಾಸು ಏರ್ಪಡಿಸುವ ಯಾಮಿನಿ ಮೇಡಂ ಅವರ ಮಗಳು ಚಿನ್ನು ಮುಂದಿನ ತುಂಡಿಗಾಗಿ ಕೈ ಚಾಚಿ ನಿಂತಿದ್ದಳು. ನಳಿನಾ ಚೀಟಿ ನೋಡಿದಳು, ಆ ಪುಟ್ಟ ಕೈ ನೋಡಿದಳು.

"ಮಗುವಿಗೆ ಕೊಡ್ತಿದ್ದೆನಲ್ಲ" ಎಂದಳು.

ಲೋಕಲ್ ಹತ್ತಿದ ಮೇಲೆ ನೆನಪಾಯಿತು, ಬುಟ್ಟಿ ಅಲ್ಲೇ ಬಿಟ್ಟು ಬಂದಿದ್ದೆವು. ತಪ್ಪು ನನ್ನದು. ಆವತ್ತೇ ಹೇಳಬೇಕಿತ್ತು.

ಆಗಸ್ಟ್ 9

ಯಾಮಿನಿ ಮೇಡಂ ಬುಟ್ಟಿ ತಂದುಕೊಟ್ಟರು. ಮೈಸೂರಿನವರು, ಮೆತ್ತಗಿನ ಮಾತು. ಆಂಟಿ ಬಂದು ಸುಮ್ಮನೆ ಕೂತಿರಲಿ, ಕ್ಲಾಸು ನೀವು ಮಾಡಿ ಅಂಕಲ್ ಎಂದರು. ಕೋಪವೇ ಇಲ್ಲ. ಅದೇ ಹೆಚ್ಚು ಚುಚ್ಚಿತು.

ಒಳಗಿನಿಂದ ನಳಿನಾ ಹೇಳಿದಳು, "ಅವರಿಗೆ ಸೊಪ್ಪು ಎಂತದೂ ಗೊತ್ತಿಲ್ಲ ಮಾರಾಯ್ತಿ. ತಿನ್ನಲಿಕ್ಕೆ ಮಾತ್ರ ಗೊತ್ತು."

ಸುಳ್ಳಲ್ಲ.

ಆಗಸ್ಟ್ 17, ಭಾನುವಾರ, ಮಧ್ಯಾಹ್ನ

ಕ್ಲಾಸಿಗೆ ಹೋಗಲಿಲ್ಲ. ಸ್ನಾನ ಮುಗಿಸಿ ಬಂದರೆ ಮನೆಯೆಲ್ಲ ಪತ್ರೊಡೆಯ ಪರಿಮಳ. ಕೆಸುವಿನ ಎಲೆ ತಾನೇ ಕೊಯ್ದು ತಂದಿದ್ದಾಳೆ, ಬಿಲ್ಡಿಂಗಿನ ಹಿಂದಿನ ನಾಲಾ ಬದಿಯಿಂದ. ಅಲ್ಲಿ ತಿನ್ನುವ ಕೆಸುವೂ ಇದೆ, ಗಂಟಲು ಕೆರೆಯುವ ಕಾಡುಕೆಸುವೂ ಇದೆ. ಯಾವುದು ತಂದೆ ಎಂದು ಕೇಳದೆ ತಟ್ಟೆ ಇಟ್ಟುಕೊಂಡು ಕುಳಿತೆ.

ಮದುವೆಯಾದಾಗಿನಿಂದ ನನಗೆ ಬಡಿಸಿಯೇ ತಾನು ಉಣ್ಣುವವಳು. ಇವತ್ತು ನನ್ನ ತಟ್ಟೆಯನ್ನು ಆಚೆ ಸರಿಸಿದಳು.

"ನೀವು ನಿಲ್ಲಿ. ಮೊದಲು ನಾನು ತಿಂತೇನೆ. ಸ್ವಲ್ಪ ಹೊತ್ತು ನೋಡುವ."

ಅವಳಿಗೆ ಎಲ್ಲ ಗೊತ್ತಿದೆ. ದೇವರೇ, ನನಗಿಂತ ಮೊದಲೇ ಗೊತ್ತಿತ್ತೇನೋ.

ತಡೆಯಲಾಗಲಿಲ್ಲ. ಅವಳ ತಟ್ಟೆಯಿಂದಲೇ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡೆ. ಬೈಯಲಿಲ್ಲ. ತಾನೂ ತಿಂದಳು. ಈಗ ನಾನು ಬರೆಯುತ್ತಿದ್ದೇನೆ, ಅವಳು ಎದುರು ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಾಳೆ.

"ತುರಿಸ್ತದಾ?"

ಇಲ್ಲ ಅಂದೆ. ಹುಣಸೆ ಸಮ ಬಿದ್ದಿದೆ, ತುರಿಕೆಯೆಲ್ಲ ಹೋಗಿದೆ ಅಂದೆ. ಗಂಟಲಲ್ಲಿ ಸ್ವಲ್ಪ —